ಅಮೆರಿಕದಲ್ಲಿ ಸ್ನೋಮೊಬೈಲ್ (ಹಿಮದ ಮೇಲೆ ಓಡುವ ಮೋಟಾರು ಬಂಡಿ) ದಾರಿಗಳ ಖರ್ಚನ್ನು ಯಾರು ಕೊಡುತ್ತಾರೆ?

ವಿಸ್ಕಾನ್ಸಿನ್ ರಾಜ್ಯದ ಮಟ್ಟಿಗೆ ಹೇಳುವುದಾದರೆ, ಹಿಮದ ಮೇಲೆ ಬಂಡಿ ಓಡಿಸುವವರೇ. ಬಂಡಿಯ ನೋಂದಣಿ ಶುಲ್ಕ, ದಾರಿ ಪಾಸು ಮತ್ತು ಪೆಟ್ರೋಲ್ ತೆರಿಗೆಯ ಒಂದು ಪಾಲು ಸೇರಿ ಈ ನಿಧಿಯಾಗುತ್ತದೆ.

ತೆರಿಗೆಯ ಪಾಲು ಯಾಕೆಂದರೆ, ಪೆಟ್ರೋಲ್ ತೆರಿಗೆ ಇರುವುದು ರಸ್ತೆಗಳಿಗಾಗಿ. ಸ್ನೋಮೊಬೈಲ್ ರಸ್ತೆಯಲ್ಲಿ ಓಡುವುದಿಲ್ಲ, ಹಾಗಾಗಿ ಅದರ ಪೆಟ್ರೋಲಿನ ತೆರಿಗೆ ಈ ದಾರಿಗಳಿಗೆ ಬರುತ್ತದೆ. ಯಾರು ಎಷ್ಟು ಸುಟ್ಟರೆಂದು ಅಳೆಯಲಾಗದ್ದರಿಂದ, ನೋಂದಾಯಿತ ಬಂಡಿಯೊಂದಕ್ಕೆ ವರ್ಷಕ್ಕೆ 50 ಗ್ಯಾಲನ್ (ಸುಮಾರು 190 ಲೀಟರ್) ಎಂದು ಕಾನೂನೇ ಅಂದಾಜು ಕಟ್ಟಿದೆ. ಗ್ಯಾಲನ್ನಿಗೆ 30.9 ಸೆಂಟ್ ತೆರಿಗೆಯಂತೆ ಬಂಡಿಗೆ ಸುಮಾರು 15 ಡಾಲರ್. ಒರಟು ಲೆಕ್ಕ, ಆದರೆ ಜಗಳವಿಲ್ಲದ ಲೆಕ್ಕ.

ಈ ಹಣ ಕೌಂಟಿಗಳಿಗೆ, ಅಂದರೆ ನಮ್ಮ ಜಿಲ್ಲಾಡಳಿತದಂಥವಕ್ಕೆ, ನಿರ್ವಹಣೆಗೆಂದು ಮೈಲಿಗೆ 300 ಡಾಲರ್‌ವರೆಗಿನ ದರದಲ್ಲಿ ಹೋಗುತ್ತದೆ. ಕೆಲಸ ಮಾಡುವವರು ಹೆಚ್ಚಾಗಿ ಸ್ಥಳೀಯ ಕ್ಲಬ್‌ಗಳ ಸ್ವಯಂಸೇವಕರು: ಫಲಕ ನೆಡುವುದು, ಕೊಂಬೆ ಕಡಿಯುವುದು, ಖಾಸಗಿ ಜಮೀನಿನವರ ಒಪ್ಪಿಗೆ ಪಡೆಯುವುದು. ದಾರಿಯ ಬಹುಭಾಗ ಖಾಸಗಿ ಜಮೀನಿನ ಮೇಲೆಯೇ ಇರುವುದರಿಂದ, ಒಬ್ಬ ಮಾಲೀಕ ಒಲ್ಲೆ ಎಂದರೂ ಇಡೀ ಮಾರ್ಗ ತುಂಡಾಗುತ್ತದೆ.

ಇನ್ನು ದಾರಿಯ ಗುಣಮಟ್ಟ. ಟ್ರ್ಯಾಕ್ಟರ್ ಎಳೆಯುವ ಹಲಗೆಯಂಥ ಯಂತ್ರದ ಅಲಗುಗಳು ಹಿಮದ ಉಬ್ಬುಗಳನ್ನು ಕೆತ್ತಿ ಪುಡಿಮಾಡುತ್ತವೆ, ಹಿಂದಿನ ತಟ್ಟೆ ಒತ್ತಿ ಸಮಮಾಡುತ್ತದೆ. ಒತ್ತಿದ ಹಿಮದ ಕಣಗಳು ಒಂದಕ್ಕೊಂದು ಬೆಸೆದು ಗಟ್ಟಿಯಾಗಲು ಕೆಲವು ಗಂಟೆ ಬೇಕು. ಅದಕ್ಕೇ ಬಂಡಿಗಳು ಕಡಿಮೆಯಿರುವ, ತಾಪಮಾನ ಇಳಿಯುವ ರಾತ್ರಿಯಲ್ಲಿ ಈ ಕೆಲಸ. ಇನ್ನೂ ಗಟ್ಟಿಯಾಗದ ದಾರಿಯಲ್ಲೇ ಬಂಡಿ ಓಡಿದರೆ ಉಬ್ಬುಗಳು ಬೇಗ ಮತ್ತೆ ಏಳುತ್ತವೆ, ಟ್ರ್ಯಾಕ್ಟರ್ ಸುಟ್ಟ ಡೀಸೆಲ್ ವ್ಯರ್ಥ.