ಅರಗಿನ ಪ್ಲೇಟಿಗೆ ಸ್ಪಿರಿಟ್ ಮುಟ್ಟಿಸಬೇಡಿ

ಅಣ್ಣಾ, ನಮ್ಮ ಗುಂಪಿನ ‘ಈಗ ಏನು ಕೇಳುತ್ತಿದ್ದೀರಿ’ ಅನ್ನೋ ಪ್ರಶ್ನೆಗೆ ನೀವು ಹಾಕಿದ ಫೋಟೋ ನೋಡಿ ತುಂಬಾ ಖುಷಿಯಾಯಿತು. ತಾತನ ಟ್ರಂಕಿನಿಂದ ಕಂಪನಿ ನಾಟಕದ ಹಳೇ ಗ್ರಾಮಫೋನ್ ಪ್ಲೇಟುಗಳು, ಅದೂ ಗುಬ್ಬಿಯಲ್ಲೇ. ಆದರೆ ಕೆಳಗಿನ ಸಾಲು ಓದಿ ಎದೆ ಧಸಕ್ ಅಂತು. ಸ್ಪಿರಿಟ್ ಹಾಕಿ ಎರಡು ಪ್ಲೇಟು ಒರೆಸಿದೆ, ಹತ್ತಿ ತುಂಬಾ ಕಪ್ಪು ಬಂತು, ಉಳಿದದ್ದು ನಾಳೆ ಅಂತ ಬರೆದಿದ್ದೀರಿ. ದಯವಿಟ್ಟು ನಿಲ್ಲಿಸಿ. ಆ ಕಪ್ಪು ಬರೀ ಕೊಳೆ ಅಲ್ಲ. ಪ್ಲೇಟೇ ಕರಗಿ ಬಂದಿದೆ.

ನಾನೂ ಇದನ್ನೇ ಮಾಡಿ ಒಂದು ಹಾಡು ಕಳೆದುಕೊಂಡಿದ್ದೇನೆ. ತಿಪಟೂರು ಹತ್ತಿರದ ಅಜ್ಜಿ ಮನೆಯಲ್ಲಿ ಪ್ಲೇಟುಗಳು ಅಟ್ಟದ ಮೇಲೆ ಕೊಬ್ಬರಿ ಪಕ್ಕದಲ್ಲೇ ಇದ್ದವು. ವರ್ಷಗಟ್ಟಲೆ ಒಲೆ ಹೊಗೆ, ಕೊಬ್ಬರಿ ಜಿಡ್ಡು, ದೂಳು ಎಲ್ಲ ಕೂತು, ಬೆರಳಿಟ್ಟರೆ ಅಂಟುತ್ತಿತ್ತು. ಜಿಡ್ಡು ತಾನೇ, ಸ್ಪಿರಿಟ್ಟೇ ಸರಿ ಅಂದುಕೊಂಡೆ. ಆಮೇಲಿನ ಕಾಲದ ಎಲ್ಪಿ ರೆಕಾರ್ಡುಗಳಿಗೆ ಹಾಕಿ ಅಭ್ಯಾಸ ಇತ್ತು, ಏನೂ ಆಗಿರಲಿಲ್ಲ. ಮೆಡಿಕಲ್ ಸ್ಟೋರಿಂದ ಬಾಟಲಿ ತಂದೆ. ಮೊದಲ ಸುತ್ತಿಗೆ ಹತ್ತಿ ಕಂದು ಬಣ್ಣಕ್ಕೆ ತಿರುಗಿತು, ಎರಡನೆಯದಕ್ಕೆ ಕಪ್ಪು. ಇನ್ನೂ ಕೊಳೆ ಇದೆ ಅಂತ ಮೂರನೇ ಸಲ ಚೆನ್ನಾಗಿ ಒತ್ತಿ ಒರೆಸಿದೆ. ಒಣಗಿದ ಮೇಲೆ ನೋಡಿದರೆ ಪ್ಲೇಟಿನ ಮೇಲೆ ಬೂದಿ ಬಳಿದ ಹಾಗೆ ಮಂಕು. ಮುಳ್ಳು ಇಟ್ಟರೆ ಹಾರ್ಮೋನಿಯಂ ಎಲ್ಲೋ ದೂರದಲ್ಲಿ, ಅದರ ಮೇಲೆಲ್ಲ ಒಗ್ಗರಣೆಗೆ ಸಾಸಿವೆ ಬಿದ್ದ ಹಾಗೆ ಚಟಪಟ. ಅಜ್ಜಿ ಪಕ್ಕದಲ್ಲೇ ಕೂತಿದ್ದರು. ಗುಬ್ಬಿ ವೀರಣ್ಣನವರ ನಾಟಕ ಎದುರಿಗೆ ಕೂತು ನೋಡಿದವರು. ‘ಇದಲ್ಲ ಕಣಪ್ಪ, ಆ ಹೆಣ್ಣುಮಗಳ ದನಿ ಎಲ್ಲಿ’ ಅಂದರು. ನನಗೆ ಮಾತೇ ಹೊರಡಲಿಲ್ಲ.

ಕಾರಣ ಆಮೇಲೆ ಹೇಳಿದ್ದು ನಮ್ಮನೆ ಬಾಗಿಲಿಗೆ ಪಾಲಿಶ್ ಹೊಡೆಯಲು ಬಂದಿದ್ದ ಆಚಾರ್ರು. ಅವರು ಅರಗಿನ ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ನೆನೆಹಾಕಿದ್ದರು, ಬೆಳಗಾಗುವಷ್ಟರಲ್ಲಿ ಕರಗಿ ಜೇನಿನ ಹಾಗಾಗಿತ್ತು. ನಿಮಿಷಕ್ಕೆ 78 ಸುತ್ತು ತಿರುಗುವ ಈ ಹಳೇ ಪ್ಲೇಟು ಗಟ್ಟಿ ನಿಂತಿರುವುದೂ ಅದೇ ಅರಗಿನಿಂದ. ಅರಗಿಗೆ ಕಲ್ಲಿನ ಪುಡಿ, ಕಪ್ಪು ಬಣ್ಣ ಸೇರಿಸಿ ಒತ್ತಿರುತ್ತಾರೆ. ಎಲ್ಪಿ ವಿನೈಲ್ ಅನ್ನೋ ಪ್ಲಾಸ್ಟಿಕ್, ಅದರ ಜಾತಿಯೇ ಬೇರೆ. ಗೊತ್ತಾಗದಿದ್ದರೆ ಅಂಚಿಗೆ ಉಗುರಿನಿಂದ ಮೆಲ್ಲಗೆ ತಟ್ಟಿ. ಅರಗಿನದು ಪಿಂಗಾಣಿ ತಟ್ಟೆ ಹಾಗೆ ಟಣ್ ಅನ್ನುತ್ತದೆ. ಬಗ್ಗಿಸಿ ನೋಡಬೇಡಿ, ಕೈಯಲ್ಲೇ ಎರಡು ಹೋಳು.

ಈಗ ನಾನು ಮಾಡುವುದು ಇಷ್ಟು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಲೀಟರ್, ಅದಕ್ಕೆ ಮಕ್ಕಳ ಶಾಂಪೂ ಎರಡೇ ಹನಿ. ಬಾಟಲಿ ಮೇಲೆ ಡಿಸ್ಟಿಲ್ಡ್ ಅಥವಾ ಡಿಮಿನರಲೈಸ್ಡ್ ಅಂತ ಇರಬೇಕು, ಆ್ಯಸಿಡ್ ತಂದುಬಿಟ್ಟೀರಿ. ನಲ್ಲಿ ನೀರು ಬೇಡವೇ ಬೇಡ. ನಮ್ಮ ಕಡೆ ಬೋರ್ ನೀರಿನ ಗಡಸು ನಿಮಗೆ ಗೊತ್ತೇ ಇದೆ, ಬಕೆಟ್ಟಿನಲ್ಲಿ ಬಿಳಿ ಪೊರೆ ಕಟ್ಟುವ ಹಾಗೆ ಪ್ಲೇಟಿನ ಗೆರೆಯೊಳಗೂ ಕಟ್ಟುತ್ತದೆ. ಕೋಲಾರ, ಚಿಂತಾಮಣಿ ಕಡೆಯವರಿಗೂ ಇದೇ ಮಾತು. ಲೇಬಲ್ ಮೇಲೆ ಡಬ್ಬದ ಮುಚ್ಚಳ ಕವುಚಿ ಹಿಡಿದುಕೊಳ್ಳಿ, ಕಾಗದ ನೆನೆದರೆ ಹೆಸರೂ ಹೋಗುತ್ತದೆ. ಮೆತ್ತನೆ ಬ್ರಷ್‌ನಿಂದ ಗೆರೆ ಹೋದ ದಿಕ್ಕಿಗೇ ಸುತ್ತ ಉಜ್ಜಿ, ಅಡ್ಡಡ್ಡ ಬೇಡ. ಆಮೇಲೆ ಶಾಂಪೂ ಇಲ್ಲದ ನೀರಿನಲ್ಲಿ ಇನ್ನೊಂದು ಸಲ, ತಕ್ಷಣ ಮೈಕ್ರೋಫೈಬರ್ ಬಟ್ಟೆಯಲ್ಲಿ ಒತ್ತಿ ತೇವ ತೆಗೆಯಿರಿ. ಒಣಗಿಸುವುದು ನೆರಳಿನಲ್ಲಿ. ಬಿಸಿಲಿಗೆ ಇಟ್ಟರೆ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಬಿರುಕು ಬಿಟ್ಟದ್ದನ್ನು ನೆನೆಸಲೇಬೇಡಿ. ಕೆಲವು ಪ್ಲೇಟುಗಳ ಒಳಗೆ ಕಾಗದದ ಪದರ ಇರುತ್ತದೆ, ನೀರು ಕುಡಿದರೆ ಉಬ್ಬುತ್ತದೆ.

ಇನ್ನೊಂದು ವಿಷಯ, ಫೋಟೋದಲ್ಲಿ ಕಂಡ ಆ ಸೂಟ್‌ಕೇಸ್ ಪ್ಲೇಯರ್. ಬೇಜಾರು ಮಾಡಿಕೊಳ್ಳಬೇಡಿ, ನೇರವಾಗಿ ಹೇಳುತ್ತೇನೆ. 78 ಅಂತ ಬಟನ್ ಇದ್ದ ಮಾತ್ರಕ್ಕೆ ಆಗಲಿಲ್ಲ. 78ರ ಗೆರೆಗೆ ಬೇಕಾದ ಮುಳ್ಳು ಎಲ್ಪಿ ಮುಳ್ಳಿಗಿಂತ ಹತ್ತಿರ ಹತ್ತಿರ ಮೂರು ಪಟ್ಟು ದಪ್ಪ. ಸಣ್ಣ ಮುಳ್ಳು ಗೆರೆಯ ತಳದಲ್ಲಿ ದೂಳು ಕೆರೆಯುತ್ತಾ ಓಡುತ್ತದೆ, ಸೊರಸೊರ ಅಂತೀರಲ್ಲ, ಅದರಲ್ಲಿ ಅರ್ಧ ಇದೇ. ನಾನು ಆಡಿಯೋ-ಟೆಕ್ನಿಕಾ ಕಂಪನಿಯ ಎಲ್ಪಿ120 ಪ್ಲೇಯರಿಗೆ ಅವರದೇ 78ರ ಮುಳ್ಳು ಹಾಕಿದ್ದೇನೆ. ಬೆಲೆ ಜಾಸ್ತಿ, ಆದರೆ ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಅಷ್ಟು ಬೇಡ ಅಂದರೆ ಒಂದು ಕಡೆ ಎಲ್ಪಿಗೆ, ಇನ್ನೊಂದು ಕಡೆ 78ಕ್ಕೆ ಅಂತ ಮುಳ್ಳು ತಿರುಗಿಸುವ ಹಳೇ ಪ್ಲೇಯರ್ ಹುಡುಕಿ. ಹಳೇ ಸಾಮಾನಿನ ಅಂಗಡಿಯ ಹೊಳೆಯುವ ಹಿತ್ತಾಳೆ ಕೊಳವೆ ಗ್ರಾಮಫೋನ್ ಮಾತ್ರ ತರಬೇಡಿ, ಬಹಳಷ್ಟು ಅಲ್ಲಿಂದ ಇಲ್ಲಿಂದ ಜೋಡಿಸಿದ್ದು. ಮನೆಯಲ್ಲೇ ಅಸಲಿ ಕೀ ಗ್ರಾಮಫೋನ್ ಇದ್ದರೆ ಉಕ್ಕಿನ ಪಿನ್ನು ಒಂದು ಮುಖಕ್ಕೆ ಒಂದೇ. ಪಿನ್ನು ಉಳಿಸಲು ಹೋಗಿ ಪ್ಲೇಟು ಕಳೆದುಕೊಂಡವರು ಈ ಗುಂಪಿನಲ್ಲೇ ಇದ್ದಾರೆ. ಎಲ್ಪಿಯನ್ನು ಅದರ ಮೇಲೆ ಇಡುವುದಂತೂ ಬೇಡ, ಆ ಭಾರಕ್ಕೆ ಗೆರೆ ಕಿತ್ತುಬರುತ್ತದೆ.

78 ಓಡದ ಪ್ಲೇಯರ್ ಇದ್ದವರಿಗೂ ದಾರಿ ಇದೆ. ಮುಳ್ಳು 78ರದೇ ಹಾಕಿ, 45ರಲ್ಲಿ ಓಡಿಸಿ ರೆಕಾರ್ಡ್ ಮಾಡಿ, ಕಂಪ್ಯೂಟರಿನ ಆಡಾಸಿಟಿ ಸಾಫ್ಟ್‌ವೇರಿನಲ್ಲಿ ಸ್ಪೀಡ್ 45ರಿಂದ 78ಕ್ಕೆ ಏರಿಸಿ. ಎಡ, ಬಲ ಎರಡೂ ಕೂಡಿಸಿ ಮೋನೋ ಮಾಡಿ, ಸೊರಸೊರ ಸದ್ದು ತಾನಾಗೇ ಸ್ವಲ್ಪ ತಗ್ಗುತ್ತದೆ. ಸೊರಸೊರ ಅಳಿಸುವ ನಾಯ್ಸ್ ರಿಡಕ್ಷನ್ ಪೂರ್ತಿ ಎಳೆಯಬೇಡಿ, ನೀರೊಳಗೆ ಮುಳುಗಿ ಹಾಡಿದ ಹಾಗಾಗುತ್ತದೆ. ಕುಗ್ಗಿಸದ ವೇವ್ ಫೈಲ್ ಒಂದು ಹಾಗೇ ಇಟ್ಟುಕೊಳ್ಳಿ, ಎಂಪಿ3 ವಾಟ್ಸಾಪಿಗೆ ಸಾಕು. ಪ್ಲೇಟುಗಳನ್ನು ನೆಟ್ಟಗೆ ನಿಲ್ಲಿಸಿಡಿ, ಒಂದರ ಮೇಲೊಂದು ಪೇರಿಸಬೇಡಿ.

ನಾನು ಕೇಳುತ್ತಿರುವುದೂ ಹೇಳಬೇಕಲ್ವಾ. ಅದೇ ಪ್ಲೇಟಿನ ಇನ್ನೊಂದು ಮುಖ. ಅವತ್ತು ಅದನ್ನು ಒರೆಸಿರಲಿಲ್ಲ. ಮೂರು ನಿಮಿಷದ ಹಾಡು, ಲೇಬಲ್ ಮೇಲಿನ ಹೆಸರು ಅಳಿಸಿದೆ. ಮೈಕ್ ಇಲ್ಲದೆ ಕೊನೇ ಸಾಲಿನವರೆಗೂ ಮುಟ್ಟಿಸಿ ಕಲಿತ ಗಂಟಲು. ಚರಣ ಮುಗಿಸಿ ಪಲ್ಲವಿಗೆ ಮರಳುವ ಮುಂಚೆ ಆಕೆ ಉಸಿರು ಎಳೆದುಕೊಳ್ಳುವುದು ಈಗ ಸ್ಪಷ್ಟ ಕೇಳುತ್ತದೆ, ಆ ಜಾಗಕ್ಕೆ ದಿನಾ ರಾತ್ರಿ ಕಾಯುತ್ತೇನೆ. 1884ರಲ್ಲಿ ಗುಬ್ಬಿ ನಾಟಕ ಕಂಪನಿ ಹುಟ್ಟಿದ್ದು ನಿಮ್ಮೂರಲ್ಲೇ ಅಣ್ಣಾ, ನಿಮ್ಮ ಟ್ರಂಕಿನಲ್ಲಿ ಯಾರ ದನಿ ಇದೆಯೋ.

ಒರೆಸಿದ ಆ ಎರಡನ್ನು ಮುಟ್ಟದೆ ಹಾಗೇ ಇಡಿ, ಪೂರ್ತಿ ಹೋಗಿರಲಾರದು. ಉಳಿದವುಗಳ ಲೇಬಲ್ ಫೋಟೋ ಹಾಕಿ. ಭಾನುವಾರ ನಾನು ತುಮಕೂರಿನಲ್ಲೇ ಇರುತ್ತೇನೆ, ನೀರು, ಬ್ರಷ್ಷು, 78ರ ಮುಳ್ಳು ತೆಗೆದುಕೊಂಡು ಬಸ್ ಹತ್ತುತ್ತೇನೆ.