ಓದುಗರ ಪ್ರಶ್ನೆ: ಐರ್ಲೆಂಡಿನ ಬೆಟ್ಟದ ಮೇಲಿನ ಆಲೂಗಡ್ಡೆ ಮಡಿಗಳು

ಪ್ರಶ್ನೆ: ಸರ್, ಪಶ್ಚಿಮ ಐರ್ಲೆಂಡಿನ ಬೆಟ್ಟಗಳ ಫೋಟೋ ನೋಡ್ದೆ, ಹುಲ್ಲಿನ ಅಡಿ ಸಾಲುಸಾಲು ದಿಬ್ಬ ಕಾಣುತ್ತೆ, ಅದು ಹಳೇ ಆಲೂಗಡ್ಡೆ ಹೊಲ ಅಂತೆ. ಅಂಥ ಇಳಿಜಾರಲ್ಲಿ ಹೇಗೆ ಬೆಳೀತಿದ್ರು?

ಉತ್ತರ: ನಿಜ, ಮೇಯೋ, ಡೊನೆಗಲ್, ಕನೆಮಾರಾ ಕಡೆ ಬಿಸಿಲು ಓರೆಯಾಗಿ ಬಿದ್ದಾಗ ಆ ಸಾಲುಗಳು ಇವತ್ತಿಗೂ ಎದ್ದು ಕಾಣ್ತವೆ. ಅದೆಲ್ಲ ಕೈಕೆಲಸ, ನೇಗಿಲು ಅಲ್ಲಿಗೆ ಹತ್ತೋದೇ ಇಲ್ಲ. 'ಲಾಯ್' ಅಂತ ಉದ್ದ ಹಿಡಿಯ, ಕಿರಿದಾದ ಅಲಗಿನ ಸಲಿಕೆ, ಕಾಲಲ್ಲಿ ಒತ್ತಿ ಅಗೆಯೋದು. ಮೊದಲು ಹುಲ್ಲುನೆಲದ ಮೇಲೇ ಗೊಬ್ಬರ ಹರಡಿ, ಕರಾವಳಿಯಲ್ಲಾದ್ರೆ ಸಮುದ್ರದ ಪಾಚಿ ಹರಡಿ, ಅದರ ಮೇಲೆ ಕಣ್ಣಿರೋ ಗಡ್ಡೆ ಚೂರು ಇಟ್ಟು, ಎರಡೂ ಪಕ್ಕದ ಹುಲ್ಲುಹೆಂಟೆ ಕತ್ತರಿಸಿ ಅದರ ಮೇಲೆ ಮಗುಚಿಬಿಡೋರು. ಹೆಂಟೆ ಎದ್ದ ಜಾಗವೇ ಬಸಿಗಾಲುವೆ ಆಗುತ್ತೆ, ಆ ಮಳೆ ನಾಡಿನ ಜೌಗಲ್ಲೂ ಗಡ್ಡೆ ಕೊಳೆಯಲ್ಲ. ಎಂಥಾ ಬುದ್ಧಿ ನೋಡಿ! ಅರಾನ್ ದ್ವೀಪದಲ್ಲಂತೂ ನೆಲವೆಲ್ಲ ಬರೀ ಬಂಡೆ; ಅದರ ಮೇಲೆ ಮರಳು ಮತ್ತು ಪಾಚಿ ಹೊತ್ತು ಹಾಕಿ ಮಣ್ಣನ್ನೇ ತಯಾರು ಮಾಡ್ಕೊಂಡ ಜನ ಅವರು. ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ ಹಬ್ಬದ ಆಸುಪಾಸು ನಾಟಿ ಶುರು, ಅಕ್ಕಪಕ್ಕದವರು ಮುಯ್ಯಾಳಾಗಿ ಬರೋರು.

ಪ್ರಶ್ನೆ: ಹಾಗಾದ್ರೆ 1845ರಲ್ಲಿ ಕ್ಷಾಮ ಯಾಕೆ ಬಂತು? ಪದ್ಧತಿಯಲ್ಲೇ ತಪ್ಪಿತ್ತಾ?

ಉತ್ತರ: ಪದ್ಧತಿ ಮೇಲೆ ತಪ್ಪು ಹೊರಿಸಬೇಡಿ. ಒಳ್ಳೇ ಜಮೀನೆಲ್ಲ ಜಮೀನ್ದಾರರದ್ದು, ಬಡವರಿಗೆ ಉಳಿದಿದ್ದು ತುಂಡು ನೆಲ, ಅಷ್ಟರಲ್ಲಿ ಇಡೀ ಸಂಸಾರದ ಹೊಟ್ಟೆ ತುಂಬಿಸೋ ಬೆಳೆ ಆಲೂಗಡ್ಡೆ ಒಂದೇ. ಅದರಲ್ಲೂ ಬಹಳ ಜನ ಹಾಕಿದ್ದು 'ಲಂಪರ್' ಅನ್ನೋ ಒಂದೇ ತಳಿ, ಸಾರವಿಲ್ಲದ ಮಣ್ಣಲ್ಲೂ ಕೈತುಂಬ ಕೊಡುತ್ತೆ ಅಂತ. ಅಂಗಮಾರಿ ರೋಗ ಬಂದಾಗ ಅದಕ್ಕೆ ತಡ್ಕೊಳ್ಳೋ ಶಕ್ತಿ ಇರ್ಲಿಲ್ಲ, ಹೊಲಕ್ಕೆ ಹೊಲವೇ ಕಪ್ಪಾಗಿ ಕೊಳೀತು. ಸುಮಾರು 10 ಲಕ್ಷ ಜನ ಸತ್ರು, ಅದೇ ವರ್ಷಗಳಲ್ಲಿ ಬಂದರಿನಿಂದ ಧಾನ್ಯ ಹೊರದೇಶಕ್ಕೆ ಹೋಗ್ತಾನೇ ಇತ್ತು, ಇದನ್ನ ಓದಿದಾಗೆಲ್ಲ ಸಿಟ್ಟು ಬರುತ್ತೆ ನಂಗೆ.

ಈ ಅಂಗಮಾರಿಗೆ ಮದ್ದು ಸಿಕ್ಕಿದ್ದು 1880ರ ದಶಕದಲ್ಲಿ, ಫ್ರಾನ್ಸಿನ ದ್ರಾಕ್ಷಿ ತೋಟದಿಂದ ಬಂದ ಮೈಲುತುತ್ತದ ದ್ರಾವಣ. ಐರಿಶ್ ರೈತರು ಮೈಲುತುತ್ತಕ್ಕೆ ವಾಷಿಂಗ್ ಸೋಡಾ ಬೆರೆಸಿಯೂ ಹೊಡೆದ್ರು. ಈಗ ಅಲ್ಲಿನ ಹವಾಮಾನ ಇಲಾಖೆ, ಬೆಚ್ಚಗೆ ತೇವ ಹಿಡಿದ ದಿನಗಳು ಬಂದ್ರೆ ಅಂಗಮಾರಿ ಎಚ್ಚರಿಕೆ ಕೊಡುತ್ತೆ, ರೈತರು ಅದನ್ನ ನೋಡ್ಕೊಂಡು ಔಷಧಿ ಹೊಡೀತಾರೆ.