ಸಂಪಾದಕರ ಉತ್ತರ: ಮೂವತ್ತು ದಾಟಿದ ಮೇಲೆ ಆಟಿಸಂ ತಿಳಿದವರ ಉದ್ಯೋಗ

ದಾವಣಗೆರೆಯಿಂದ ಪತ್ರ ಬರೆದಿರುವ ಓದುಗ ಮಹಿಳೆಯೊಬ್ಬರು ತಮ್ಮ ಹೆಸರನ್ನು ಪ್ರಕಟಿಸಬಾರದೆಂದು ಕೋರಿದ್ದಾರೆ. ಅವರಿಗೆ ಈಗ 37 ವರ್ಷ. ಬಿ.ಕಾಂ. ಮುಗಿಸಿ ಖಾಸಗಿ ಹಣಕಾಸು ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಹತ್ತು ವರ್ಷ ಒಳ್ಳೆಯ ಹೆಸರಿನಿಂದ ದುಡಿದರು. ಆಮೇಲೆ ಬಡ್ತಿ ಕೊಟ್ಟು ಶಾಖೆಯ ಮೇಲ್ವಿಚಾರಣೆ ವಹಿಸಲಾಯಿತು. ಎರಡು ವರ್ಷದೊಳಗೆ ‘ಸಿಬ್ಬಂದಿಯೊಂದಿಗೆ ಹೊಂದಿಕೊಳ್ಳುವುದಿಲ್ಲ’ ಎಂಬ ಷರಾ ಬಿದ್ದು, ಅವರು ರಾಜೀನಾಮೆ ನೀಡಬೇಕಾಯಿತು. ತಮಗಿರುವುದು ಆಟಿಸಂ (ಇತರರೊಡನೆ ಬೆರೆಯುವ, ಸದ್ದು-ಬೆಳಕುಗಳನ್ನು ಗ್ರಹಿಸುವ ರೀತಿ ಹುಟ್ಟಿನಿಂದಲೇ ಭಿನ್ನವಾಗಿರುವ ಸ್ಥಿತಿ) ಎಂದು ಬೆಂಗಳೂರಿನ ಮನೋವೈದ್ಯರಿಂದ ತಿಳಿದದ್ದು ಕಳೆದ ವರ್ಷ. ‘ಹೊಸ ಕೆಲಸಕ್ಕೆ ಸೇರುವಾಗ ಇದನ್ನು ಹೇಳಬೇಕೇ? ನನ್ನ ವಯಸ್ಸಿನವರಿಗೆ ಕಾನೂನಿನಲ್ಲಿ ಏನಾದರೂ ಇದೆಯೇ, ಇಲ್ಲವೇ ಎಲ್ಲವೂ ಮಕ್ಕಳಿಗೇ ಮೀಸಲೇ?’ ಎಂದು ಕೇಳಿದ್ದಾರೆ.

ಮಾನ್ಯರೇ,

ಇಷ್ಟು ತಡವಾಗಿ ತಿಳಿದದ್ದಕ್ಕೆ ನಿಮ್ಮನ್ನಾಗಲೀ ತಂದೆತಾಯಿಯರನ್ನಾಗಲೀ ದೂರಬೇಡಿ. ನೀವು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಜಾರಿಯಲ್ಲಿದ್ದ 1995ರ ವಿಕಲಚೇತನರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನು ಮಾತ್ರ ಗುರುತಿಸಿತ್ತು, ಆಟಿಸಂ ಅದರಲ್ಲಿರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಲ್ಲಿ ಅದು ಸೇರಿತಾದರೂ ಉದ್ಯೋಗದ ಹಕ್ಕಿನ ಮಾತು ಬಂದದ್ದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ. ಅದು ಜಾರಿಯಾದ 2017ರ ಹೊತ್ತಿಗೆ ನೀವು ಆಗಲೇ ಕೆಲಸದಲ್ಲಿದ್ದಿರಿ. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ಯಾರೊಡನೆಯೂ ಬೆರೆಯದೆ ಮೂಲೆಯಲ್ಲಿ ಕುಳಿತು ಓದುವ ಹುಡುಗಿಯನ್ನು ನಮ್ಮ ಮನೆಗಳೂ ಶಾಲೆಗಳೂ ‘ಮಾತು ಕಡಿಮೆ, ಗುಣವಂತೆ’ ಎಂದು ಮೆಚ್ಚುತ್ತವೆ. ಹಾಗೆ ಮೆಚ್ಚುಗೆ ಪಡೆದ ಮಗುವನ್ನು ಯಾರೂ ವೈದ್ಯರ ಬಳಿಗೆ ಕರೆದೊಯ್ಯುವುದಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ಬಹಳ ಮುಖ್ಯವೆನಿಸಿದ್ದು ಬಡ್ತಿಯ ಸಂಗತಿ. ನಮ್ಮ ಕಚೇರಿಗಳಿಗೆ ಮೇಲೇರುವ ದಾರಿ ಒಂದೇ ಗೊತ್ತಿದೆ: ಚೆನ್ನಾಗಿ ಕೆಲಸ ಮಾಡುವವರನ್ನು ಆ ಕೆಲಸದಿಂದ ಬಿಡಿಸಿ, ಕೆಲಸ ಮಾಡುವವರನ್ನು ನೋಡಿಕೊಳ್ಳಲು ಹಚ್ಚುವುದು. ಮೂವತ್ತರ ಆಸುಪಾಸಿನವರೆಗೆ ಸುಸೂತ್ರವಾಗಿ ದುಡಿದ ಆಟಿಸಂ ಇರುವವರಲ್ಲಿ ಅನೇಕರು ಎಡವುವುದು ಇಲ್ಲಿಯೇ. ಲೆಡ್ಜರನ್ನು ಬ್ಯಾಂಕಿನ ಸ್ಟೇಟ್‌ಮೆಂಟಿಗೆ ತಾಳೆ ಹಾಕುವಾಗ ಏನು ಸರಿ, ಏನು ತಪ್ಪು ಎಂಬುದು ಕಾಗದದ ಮೇಲೆಯೇ ಇರುತ್ತದೆ. ಶಾಖೆಯ ಮೇಲ್ವಿಚಾರಕರಾದಾಗಲಾದರೋ ಮೇಜಿನ ಮುಂದೆ ಇಬ್ಬರು ನಿಂತಿರುವಾಗಲೇ ಫೋನಿನಲ್ಲಿ ಮೂರನೆಯವರಿಗೆ ಉತ್ತರಿಸಬೇಕು, ಟಾರ್ಗೆಟ್ ಸಭೆಯಲ್ಲಿ ಬಾಯಿಬಿಟ್ಟು ಹೇಳದ ಮಾತನ್ನು ಊಹಿಸಬೇಕು, ಚಹಾದ ಹೊತ್ತಿನಲ್ಲಿ ಆದ ತೀರ್ಮಾನವನ್ನು ಯಾರೂ ತಿಳಿಸದಿದ್ದರೂ ತಿಳಿದುಕೊಂಡಿರಬೇಕು. ಸಂಜೆ ಮನೆಗೆ ಬಂದ ಮೇಲೆ ಮಾತೇ ಹೊರಡುತ್ತಿರಲಿಲ್ಲ ಎಂದು ಬರೆದಿದ್ದೀರಿ. ದಿನವಿಡೀ ಎದುರಿನವರ ಕಣ್ಣು ನೋಡಿ ಮಾತನಾಡುವುದು, ನಗಬೇಕಾದ ಕಡೆ ನಗುವುದು, ಟ್ಯೂಬ್‌ಲೈಟಿನ ಗುಂಯ್‌ಗುಡುವಿಕೆಯನ್ನು ಸಹಿಸುವುದು, ಇವೆಲ್ಲವನ್ನೂ ಪ್ರಯತ್ನಪೂರ್ವಕವಾಗಿ ಮಾಡುವವರಿಗೆ ಲೆಕ್ಕದ ಕೆಲಸಕ್ಕಿಂತ ಈ ನಟನೆಯೇ ಹೆಚ್ಚು ದಣಿವು ತರುತ್ತದೆ. ಸ್ವತಃ ಆಟಿಸಂ ಇರುವ ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ ಒಂದು ವಾದ ಮುಂದಿಟ್ಟರು: ಆಟಿಸಂ ಇರುವವರು ಇತರರನ್ನು ಅರಿಯಲು ಎಷ್ಟು ತಡವರಿಸುತ್ತಾರೋ ಇತರರೂ ಅವರನ್ನು ಅರಿಯಲು ಅಷ್ಟೇ ತಡವರಿಸುತ್ತಾರೆ. ನಿಮ್ಮ ಮೇಲೆ ಬಿದ್ದ ಷರಾದಲ್ಲಿ ಇದರ ಅರ್ಧ ಭಾಗ ಮಾತ್ರ ದಾಖಲಾಗಿದೆ.

ಈ ಅನುಭವ ನಮ್ಮ ದೇಶಕ್ಕೆ ಸೀಮಿತವಲ್ಲ. ಬ್ರಿಟನ್ ಸರ್ಕಾರಕ್ಕಾಗಿ ಸರ್ ರಾಬರ್ಟ್ ಬಕ್‌ಲ್ಯಾಂಡ್ ನಡೆಸಿದ ಪರಿಶೀಲನೆಯ ವರದಿ 2024ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದುಡಿಯುವ ವಯಸ್ಸಿನ ಆಟಿಸಂ ಇರುವವರಲ್ಲಿ ಉದ್ಯೋಗದಲ್ಲಿರುವವರು ಹತ್ತರಲ್ಲಿ ಸುಮಾರು ಮೂವರು ಮಾತ್ರ. ಬೆಂಗಳೂರಿನ ತಂತ್ರಾಂಶ ಕಂಪನಿ ಎಸ್‌ಎಪಿ ಲ್ಯಾಬ್ಸ್ ಆಟಿಸಂ ಇರುವ ಆರು ಮಂದಿಯನ್ನು ತಂತ್ರಾಂಶ ಪರೀಕ್ಷೆಯ ಕೆಲಸಕ್ಕೆ ತೆಗೆದುಕೊಂಡಿತ್ತು. ಆ ಅನುಭವವೂ ಸೇರಿ ಕಂಪನಿ 2013ರಲ್ಲಿ ಆಟಿಸಂ ಇರುವವರನ್ನು ನೇಮಿಸಿಕೊಳ್ಳುವ ಜಾಗತಿಕ ಕಾರ್ಯಕ್ರಮವನ್ನೇ ಘೋಷಿಸಿತು. 2017ರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾದ ಮಿಟ್ಟಿ ಕೆಫೆ ಬೌದ್ಧಿಕ ವೈಕಲ್ಯವೂ ಸೇರಿದಂತೆ ನಾನಾ ಬಗೆಯ ವಿಕಲಚೇತನರಿಗೆ ದುಡಿಮೆ ಕೊಟ್ಟಿದೆ. ಎರಡೂ ಮನಸಾರೆ ಮೆಚ್ಚಬೇಕಾದ ಕೆಲಸಗಳು. ಆದರೆ ಜಿಲ್ಲಾ ಕೇಂದ್ರವೊಂದರಲ್ಲಿ ಹನ್ನೆರಡು ವರ್ಷ ದುಡಿದು ನಡುದಾರಿಯಲ್ಲಿ ಕೆಲಸ ಬಿಟ್ಟ ಲೆಕ್ಕಿಗರಿಗೆ ಇಂಥ ಬಾಗಿಲು ಇನ್ನೂ ತೆರೆದಿಲ್ಲ. ಈ ಕೊರತೆ ನನ್ನನ್ನು ನಿಜವಾಗಿಯೂ ಕಾಡುತ್ತದೆ.

ಕಾನೂನಿನ ಪ್ರಶ್ನೆಗೆ ಬರುತ್ತೇನೆ. 2016ರ ಕಾಯ್ದೆಯಲ್ಲಿ ವಯಸ್ಸಿನ ಭೇದವಿಲ್ಲ. ಸರ್ಕಾರಿ ಹುದ್ದೆಗಳಲ್ಲಿ ವಿಕಲಚೇತನರಿಗೆ ಕನಿಷ್ಠ ಶೇ 4 ಮೀಸಲಾತಿಯಿದೆ. ಆದರೆ ಅದರಲ್ಲಿ ಆಟಿಸಂ, ಬೌದ್ಧಿಕ ವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ ಮತ್ತು ಬಹುವಿಧ ವೈಕಲ್ಯ ಇಷ್ಟಕ್ಕೂ ಸೇರಿ ಸಿಗುವುದು ಶೇ 1 ಮಾತ್ರ, ಅದಕ್ಕೂ ಶೇ 40ಕ್ಕೆ ಕಡಿಮೆಯಿಲ್ಲದ ವೈಕಲ್ಯದ ಪ್ರಮಾಣಪತ್ರ ಬೇಕು. ಖಾಸಗಿ ಸಂಸ್ಥೆಗಳಿಗೆ ಈ ಮೀಸಲಾತಿ ಅನ್ವಯಿಸದು. ಆದರೂ 21ನೇ ಕಲಮಿನಂತೆ ಪ್ರತಿಯೊಂದು ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು. 20 ಅಥವಾ ಅದಕ್ಕಿಂತ ಹೆಚ್ಚು ನೌಕರರಿದ್ದರೆ ಅದರಲ್ಲಿ ವಿಕಲಚೇತನ ನೌಕರರಿಗೆ ಕೊಡುವ ಸೌಲಭ್ಯಗಳ ವಿವರವಿರಬೇಕು, ಅವರ ನೇಮಕ ಮತ್ತು ಸೌಲಭ್ಯಗಳನ್ನು ನೋಡಿಕೊಳ್ಳುವ ಸಂಪರ್ಕಾಧಿಕಾರಿಯನ್ನೂ ನೇಮಿಸಬೇಕು. ಅರ್ಜಿ ಹಾಕುವ ಮೊದಲು ಆ ನೀತಿಯ ಪ್ರತಿಯನ್ನು ಕೇಳಿ ನೋಡಿ. ಕೊಟ್ಟರೆ ಓದಿ, ಹಾಗೆಂದರೇನೆಂದು ಅವರೇ ಕೇಳಿದರೆ ಅಲ್ಲಿನ ವಾತಾವರಣ ನಿಮಗೆ ತಿಳಿದಂತಾಯಿತು.

ಹೇಳಬೇಕೇ ಬೇಡವೇ ಎಂಬುದಕ್ಕೆ ನನ್ನ ಅಭಿಪ್ರಾಯವನ್ನು ನೇರವಾಗಿಯೇ ಬರೆಯುತ್ತೇನೆ. ಮೀಸಲು ಹುದ್ದೆಗೆ ಅರ್ಜಿ ಹಾಕುವುದಾದರೆ ಹೇಳಲೇಬೇಕು. ಖಾಸಗಿ ಸಂದರ್ಶನದಲ್ಲಿ ಹೇಳುವ ಅಗತ್ಯವಿಲ್ಲ. ಅರ್ಧ ಗಂಟೆಯಲ್ಲಿ ಅಪರಿಚಿತರಿಗೆ ಇದನ್ನು ವಿವರಿಸುವ ಭಾರ ನಿಮ್ಮ ಮೇಲೆ ಬೀಳಬಾರದು. ನೇಮಕಾತಿ ಪತ್ರ ಕೈಗೆ ಬಂದ ಮೇಲೆ ನಿಮಗೆ ಬೇಕಾದ ಅನುಕೂಲಗಳನ್ನು ಬರಹದಲ್ಲಿ ಕೇಳಿ: ಸೂಚನೆಗಳು ಇಮೇಲಿನಲ್ಲಿ ಬರಲಿ, ಸಭೆಯ ವಿಷಯಗಳು ಹಿಂದಿನ ದಿನವೇ ತಿಳಿಯಲಿ, ಗೋಡೆಯ ಪಕ್ಕದ ಮೇಜು ಸಿಗಲಿ, ಬಡ್ತಿ ಕೊಡುವಾಗ ಜನರ ಮೇಲ್ವಿಚಾರಣೆ ಬೇಡವೆನ್ನುವ ಅವಕಾಶವಿರಲಿ. ಇವುಗಳಿಗೆ ತಗಲುವ ಖರ್ಚು ನಗಣ್ಯ. ಇಷ್ಟು ಸಿಕ್ಕರೆ ಆಟಿಸಂ ಎಂಬ ಕಾರಣವನ್ನು ಯಾರಿಗೆ, ಯಾವಾಗ ಹೇಳಬೇಕೆಂಬುದು ನಿಮ್ಮ ಇಚ್ಛೆಗೆ ಬಿಟ್ಟದ್ದು. ಸಿಗದಿದ್ದರೆ ಕಾರಣವನ್ನೂ ಲಿಖಿತವಾಗಿ ತಿಳಿಸಿ, ಅದರ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಏಕೆಂದರೆ ಮುಂದೆ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಕೊಡಬೇಕಾಗಿ ಬಂದರೆ ಅದೇ ಆಧಾರವಾಗುತ್ತದೆ.

ಮೀಸಲು ಹುದ್ದೆಗೆ ಅರ್ಜಿ ಹಾಕುವ ಯೋಚನೆ ಈಗ ಇಲ್ಲದಿದ್ದರೂ ಯುಡಿಐಡಿ, ಅಂದರೆ ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಚೀಟಿಗೆ ಅರ್ಜಿ ಸಲ್ಲಿಸಿಬಿಡಿ. ಅದಕ್ಕಾಗಿ ನಿಮ್ಮನ್ನು ಪರೀಕ್ಷಿಸುವ ವೈದ್ಯಕೀಯ ಮಂಡಳಿಯು ಆಟಿಸಂ ಅಳೆಯಲು ಬಳಸುವ ಭಾರತೀಯ ಮಾಪನದಲ್ಲಿ 40 ಅಂಶಗಳಿದ್ದು, ಒಟ್ಟು ಅಂಕ 70ಕ್ಕಿಂತ ಕಡಿಮೆಯಾದರೆ ಆಟಿಸಂ ಇಲ್ಲವೆಂದೇ ಪರಿಗಣಿಸುತ್ತಾರೆ. ವರ್ಷಗಟ್ಟಲೆ ಮರೆಮಾಚುವುದನ್ನು ರೂಢಿಸಿಕೊಂಡವರು ಅಲ್ಲಿಯೂ ಅಭ್ಯಾಸಬಲದಿಂದ ಎಲ್ಲವೂ ಸರಿಯಿದೆಯೆಂಬಂತೆ ಉತ್ತರಿಸಿಬಿಡುವ ಸಂಭವವಿದೆ. ಆದುದರಿಂದ ಬೆಂಗಳೂರಿನ ವೈದ್ಯರ ವರದಿಯನ್ನು ಕೊಂಡೊಯ್ಯಿರಿ, ಮತ್ತು ಸಾಧ್ಯವಾದರೆ ನಿಮ್ಮ ತಾಯಿಯವರನ್ನು ಜೊತೆಗೆ ಕರೆದುಕೊಂಡು ಹೋಗಿ. ನಿಮ್ಮ ಬಾಲ್ಯದ ಬಗ್ಗೆ ಕೇಳುವ ಪ್ರಶ್ನೆಗಳಿಗೆ ನಿಮಗಿಂತ ಅವರೇ ಚೆನ್ನಾಗಿ ಉತ್ತರಿಸಬಲ್ಲರು.

— ಸಂಪಾದಕ